ನೀರಿನ ಬೆಳೆಗೆ ಕುಡುಗೋಲೆಲ್ಲಿ?

ಮೂರು ದಶಕಗಳಿಗೂ ಮೀರಿ ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಪಾಚಿಯ ಕೊಯ್ಲಿನ ವಿಷಯವಾಗಿ ಮಾತನಾಡಲು ಹೊರಟಿದ್ದಾನೆಂದರೆ ನಿಮಗೆ ಸೋಜಿಗವಾಗುವುದು ಸಹಜ. ನನ್ನನ್ನು ಈ ವಿಷಯದ ಮುಂದೆ ತಂದು ನಿಲ್ಲಿಸಿದವಳು ನನ್ನ ಮೊಮ್ಮಗಳು. ನಮ್ಮ ಹಿತ್ತಲಿನಲ್ಲಿ ಹಳೆಯ ಕಾಲದ್ದೊಂದು ಕಲ್ಲುತೊಟ್ಟಿಯಿದೆ. ಮನೆಯಲ್ಲಿ ದನಕರುಗಳಿದ್ದ ಕಾಲ ಮುಗಿದ ಮೇಲೆ ಅದರಲ್ಲಿ ಮಳೆಯ ನೀರು ನಿಲ್ಲುತ್ತದೆ. ಬಿಸಿಲು ಏರಿದಂತೆಲ್ಲ ಆ ನೀರು ಗಿಳಿಹಸಿರಾಗುತ್ತದೆ. ಆ ಹಸಿರು ಬರಿಯ ಬಣ್ಣವಲ್ಲ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಸಮೂಹ ಎಂಬುದನ್ನು ಹುಡುಗಿ ಶಾಲೆಯಲ್ಲಿ ಕಲಿತು ಬಂದಿದ್ದಳು. “ತಾತ, ಬೆಳೆ ಅಂದ ಮೇಲೆ ಕೊಯ್ಯೋಕೆ ಬರಬೇಕಲ್ವಾ? ನೀರು ಬಿಟ್ಟು ಹಸಿರು ಮಾತ್ರ ತೆಗೆದುಕೊಡು” ಎಂದಳು.

ಇದೇನು ಮಹಾ ಎಂದುಕೊಂಡು ನಾನು ಹಳೆಯ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ ಬಕೀಟಿನ ಬಾಯಿಗೆ ಕಟ್ಟಿ ತೊಟ್ಟಿಯ ನೀರನ್ನು ಸುರಿದೆ. ಬಟ್ಟೆಯ ಮೇಲೆ ಒಂದಿಷ್ಟು ಕಸಕಡ್ಡಿ ಉಳಿಯಿತು. ಹಸಿರು ಹಾಗೆಯೇ ಕೆಳಗಿಳಿದು ಹೋಯಿತು. ಇಡೀ ರಾತ್ರಿ ಬಕೀಟನ್ನು ಅಲುಗಿಸದೆ ಇಟ್ಟೆವು. ಬೆಳಗ್ಗೆ ನೋಡಿದರೂ ಮೇಲಿನಿಂದ ತಳದವರೆಗೆ ಒಂದೇ ಹಸಿರು. ಕಡೆಗೆ ನನ್ನ ಮನೆಯವರು ಪಟಿಕದ ತುಂಡೊಂದನ್ನು ತಂದರು. “ಹೊಳೆ ನೀರು ಕದಡಿದಾಗ ನಮ್ಮಮ್ಮ ಹೀಗೆ ಮಾಡೋರು” ಎನ್ನುತ್ತ ಅದನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುಗಿಸಿದರು. ಮಧ್ಯಾಹ್ನದ ಹೊತ್ತಿಗೆ ಹಸಿರು ಒಡೆದ ಹಾಲಿನಂತೆ ಚೂರುಚೂರಾಗಿ ಕೂಡಿಕೊಂಡು ತಳಕ್ಕಿಳಿದಿತ್ತು. ಮೇಲಿನ ತಿಳಿಯನ್ನು ಬಗ್ಗಿಸಿ, ಉಳಿದ ಗಸಿಯನ್ನು ಬಟ್ಟೆಯಲ್ಲಿ ಬಸಿದು ಒಣಗಿಸಿದರೆ, ಒಂದು ಬಕೀಟು ನೀರಿಗೆ ಸಿಕ್ಕಿದ ಫಸಲು ಚಮಚದ ತುದಿಗೆ ಬರುವಷ್ಟು. “ಇಷ್ಟೇನಾ?” ಎಂದಳು ಹುಡುಗಿ.

ಆ ಪ್ರಶ್ನೆ ಸಣ್ಣದಲ್ಲ. ಪಾಚಿಯಿಂದ ಲೋಕದ ಹಸಿವನ್ನು ನೀಗಬಹುದೆಂದು ಎಪ್ಪತ್ತು ವರ್ಷಗಳ ಹಿಂದೆ ಕಂಡ ಕನಸೊಂದು ಎಡವಿದ ಕಲ್ಲುಗಳಲ್ಲಿ ಇದೂ ಒಂದು.

ನಾವು ‘ಪಾಚಿ’, ‘ಹಾವಸೆ’ ಎಂದು ಕರೆಯುವ, ಸಂಸ್ಕೃತದವರು ‘ಶೈವಲ’ ಎಂದು ಹೆಸರಿಟ್ಟಿರುವ ಜಲಸಸ್ಯಗಳಲ್ಲಿ ಕಾಲು ಜಾರಿಸುವ ಪಾಚಿಯೂ ಉಂಟು, ಸಮುದ್ರದ ಉದ್ದುದ್ದ ಎಳೆಗಳೂ ಉಂಟು. ನಾನು ಹೇಳುತ್ತಿರುವುದು ಒಂಟಿ ಜೀವಕೋಶವೇ ಒಂದು ಗಿಡವಾಗಿರುವ ಸೂಕ್ಷ್ಮಪಾಚಿಗಳನ್ನು ಕುರಿತು. ಕ್ಲೋರೆಲ್ಲ ಎಂಬ ಹಸಿರು ಪಾಚಿಯ ಕೋಶದ ಅಡ್ಡಳತೆ 2ರಿಂದ 10 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬೇರಿಲ್ಲ, ಕಾಂಡವಿಲ್ಲ, ತೊಗಟೆಯಿಲ್ಲ. ಇಡೀ ದೇಹವೇ ಎಲೆ, ಇಡೀ ದೇಹವೇ ಕಾಳು. ಉಳುವ ಭೂಮಿ ಬೇಕಿಲ್ಲ; ಬಿಸಿಲು, ನೀರು, ಗಾಳಿಯಲ್ಲಿನ ಇಂಗಾಲಾಮ್ಲ, ಒಂದಿಷ್ಟು ಲವಣ ಸಾಕು. ಒಣಗಿಸಿದರೆ ಹಲವು ಜಾತಿಗಳಲ್ಲಿ ತೂಕದ ಅರ್ಧದಷ್ಟು ಪ್ರೋಟೀನು.

ಎರಡನೆಯ ಮಹಾಯುದ್ಧ ಮುಗಿದು ಲೋಕದ ಅನ್ನದ ಚಿಂತೆ ದೊಡ್ಡದಾಗಿದ್ದ ದಿನಗಳಲ್ಲಿ ಇದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಆಶ್ಚರ್ಯವಲ್ಲ. ಅಮೆರಿಕದ ಕೇಂಬ್ರಿಜ್ ನಗರದಲ್ಲಿ 1951ರಲ್ಲಿ ಕಾರ್ನೆಗಿ ಸಂಸ್ಥೆಯ ಪರವಾಗಿ ಕ್ಲೋರೆಲ್ಲ ಬೆಳೆಸುವ ಪ್ರಯೋಗಘಟಕವೊಂದು ನಡೆಯಿತು. ಆ ಅನುಭವವನ್ನೂ ಇತರ ದೇಶಗಳ ಅನುಭವವನ್ನೂ ಸೇರಿಸಿ ಜಾನ್ ಬರ್ಲ್ಯೂ ಅವರು 1953ರಲ್ಲಿ ಸಂಪಾದಿಸಿದ ಗ್ರಂಥ ಇಂದಿಗೂ ಈ ಶಾಸ್ತ್ರದ ಆದಿಗ್ರಂಥಗಳಲ್ಲೊಂದು. ನನ್ನ ಮಟ್ಟಿಗೆ ಅನ್ನದ ಚಿಂತೆ ಗ್ರಂಥದ ಮಾತಲ್ಲ. 1966ರ ಸುಮಾರಿನಲ್ಲಿ ನಾನು ಪ್ರಾಥಮಿಕ ಶಾಲೆಯ ಹುಡುಗ. ಶಾಲೆಯಲ್ಲಿ ಮಧ್ಯಾಹ್ನ ಹಾಕುತ್ತಿದ್ದ ಅಮೆರಿಕದ ಗೋಧಿಯ ಉಪ್ಪಿಟ್ಟನ್ನು ಅರ್ಧ ತಿಂದು ಅರ್ಧವನ್ನು ಎಲೆಯಲ್ಲಿ ಕಟ್ಟಿ ಮನೆಯಲ್ಲಿದ್ದ ತಂಗಿಗೆ ಒಯ್ಯುತ್ತಿದ್ದವನು.

ಮುಂದೆ ಎಂ.ಎ. ಓದಲು ನಾನು ಮೈಸೂರಿಗೆ ಬಂದಾಗ, ಚೆಲುವಾಂಬ ಮ್ಯಾನ್ಷನ್ನಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಪಾಚಿ ಬೆಳೆಸುತ್ತಿದ್ದಾರೆಂಬ ಸುದ್ದಿ ಊರಿನಲ್ಲಿ ಕುತೂಹಲದ ಮಾತಾಗಿತ್ತು. ಅದು ಸುಳ್ಳೂ ಆಗಿರಲಿಲ್ಲ. 1970ರ ದಶಕದಲ್ಲಿ ಜರ್ಮನಿಯ ಸಹಕಾರದಿಂದ ಅಲ್ಲಿ ಪಾಚಿ ಯೋಜನೆಯೊಂದು ನಡೆದಿತ್ತು; ಎಲ್. ವಿ. ವೆಂಕಟರಾಮನ್ ಮತ್ತು ಜರ್ಮನಿಯ ಬೆಕರ್ ಅವರು ಭಾರತದ ಆ ಅನುಭವವನ್ನು 1985ರಲ್ಲಿ ಪುಸ್ತಕವಾಗಿ ಹೊರತಂದರು. ನಾನಿದ್ದ ಕೊಠಡಿಯ ಪಕ್ಕದ ಮನೆಯಲ್ಲಿ ವಿಜ್ಞಾನ ಬಲ್ಲ ಹಿರಿಯರೊಬ್ಬರಿದ್ದರು. ಹಸಿವಿನ ಮಾತು ಬಂದಾಗಲೆಲ್ಲ ನಾನು ಪಾಚಿಯ ಮಾತೆತ್ತುತ್ತಿದ್ದೆ. ಅವರು ನಕ್ಕು, “ಬೆಳೆಸೋದು ಮಕ್ಕಳಾಟ ಕಣಯ್ಯಾ, ನೀರಿನಿಂದ ಆಚೆಗೆ ತೆಗೆಯೋದಿದೆಯಲ್ಲ, ಅದು ನೋಡು ಕಷ್ಟ” ಎನ್ನುತ್ತಿದ್ದರು. ಆ ಮಾತಿನ ತೂಕ ನನಗೆ ಅರ್ಥವಾದದ್ದು ನನ್ನದೇ ಪಂಚೆಯಲ್ಲಿ ಹಸಿರು ನೀರು ಸೋರಿಹೋದ ದಿನ.

ತೂಕ ಎಂದೆನಲ್ಲ, ಅದನ್ನು ಲೆಕ್ಕದಲ್ಲಿಯೇ ನೋಡೋಣ. ರೈತನಿಗೆ ಭತ್ತ ತೆನೆಯಲ್ಲಿ ಕೂಡಿಕೊಂಡು ಸಿಗುತ್ತದೆ. ಪಾಚಿಯ ಬೆಳೆಗಾರನಿಗೆ ತೆನೆಯಿಲ್ಲ. ತೆರೆದ ಕೊಳದಲ್ಲಿ ಚೆನ್ನಾಗಿ ಬೆಳೆದ ಪಾಚಿಯೂ ಸಾಮಾನ್ಯವಾಗಿ ಒಂದು ಲೀಟರ್ ನೀರಿಗೆ ಅರ್ಧ ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಅಂದರೆ ಒಂದು ಕಿಲೋ ಒಣಪಾಚಿ ಬೇಕಾದರೆ 2,000 ಲೀಟರ್ ನೀರನ್ನು ಅದರಿಂದ ಬೇರ್ಪಡಿಸಬೇಕು. ನೀರನ್ನು ಕುದಿಸಿ ಆವಿ ಮಾಡೋಣವೆಂದರೆ, ಒಂದು ಹನಿ ಶಾಖವೂ ವ್ಯರ್ಥವಾಗದಿದ್ದರೂ 300 ಕಿಲೋಗೆ ಕಡಿಮೆಯಿಲ್ಲದಷ್ಟು ಸೌದೆ ಬೇಕಾಗುತ್ತದೆ. ಒಂದು ಕಿಲೋ ಫಸಲಿಗೆ ಒಂದು ಗಾಡಿ ಸೌದೆ! ಪಾಚಿಯ ಒಟ್ಟು ಉತ್ಪಾದನಾ ವೆಚ್ಚದಲ್ಲಿ ಶೇಕಡ 20ರಿಂದ 30ರಷ್ಟು ಕೊಯ್ಲಿಗೇ ಹೋಗುತ್ತದೆಂದು ಈ ಕ್ಷೇತ್ರದವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಆದ್ದರಿಂದ ಬಲ್ಲವರು ಈ ಕೆಲಸವನ್ನು ಎರಡು ಹಂತವಾಗಿ ಮಾಡುತ್ತಾರೆ. ಮೊದಲು ಅಗ್ಗದ ಉಪಾಯದಿಂದ ಬಹುಪಾಲು ನೀರನ್ನು ಬಿಟ್ಟು ಪಾಚಿಯನ್ನು ಗಂಜಿಯ ಹದಕ್ಕೆ ತರುವುದು. ಆಮೇಲೆ ಆ ಸ್ವಲ್ಪವನ್ನು ಮಾತ್ರ ಬೆಲೆಯುಳ್ಳ ಯಂತ್ರಕ್ಕೆ ಕೊಟ್ಟು ಮುದ್ದೆಯ ಹದಕ್ಕೆ ತಂದು ಒಣಗಿಸುವುದು.

ಎಲ್ಲಕ್ಕಿಂತ ಅಗ್ಗದ ಉಪಾಯ ಸುಮ್ಮನೆ ಕಾಯುವುದು. ಆದರೆ ನಮ್ಮ ಬಕೀಟಿನಲ್ಲಿ ಅದು ಫಲಿಸಲಿಲ್ಲ. ಇದಕ್ಕೆ ಕಾರಣವನ್ನು ಜಾರ್ಜ್ ಸ್ಟೋಕ್ಸ್ ಎಂಬ ಗಣಿತಜ್ಞ 1851ರಲ್ಲಿಯೇ ಸೂತ್ರರೂಪದಲ್ಲಿ ಹೇಳಿದ್ದಾನೆ. ನೀರಿನಲ್ಲಿ ಮುಳುಗುವ ಸಣ್ಣ ಕಣದ ವೇಗ ಅದರ ಅಡ್ಡಳತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಡ್ಡಳತೆ ಹತ್ತರಲ್ಲೊಂದಾದರೆ ವೇಗ ನೂರರಲ್ಲೊಂದಾಗುತ್ತದೆ. ಐದು ಮೈಕ್ರಾನಿನ ಕೋಶವೊಂದು, ನೀರಿಗಿಂತ ಕೊಂಚವೇ ಭಾರವಾದುದರಿಂದ, ಒಂದು ದಿನಕ್ಕೆ ಐದಾರು ಸೆಂಟಿಮೀಟರ್ ಇಳಿದರೆ ಹೆಚ್ಚು; ಬಿಸಿಲಿನ ಕಾವಿಗೆ ನೀರು ಕದಲಿದರೆ ಅದೂ ಇಲ್ಲ. ನಾಲ್ಕಾರು ಕೋಶಗಳು ಕೂಡಿಕೊಂಡರೆ ಬೇಗ ಇಳಿಯಬಹುದಾಗಿತ್ತು. ಆದರೆ ಪ್ರತಿಯೊಂದು ಕೋಶದ ಮೈಮೇಲೂ ಋಣ ವಿದ್ಯುದಂಶವಿದ್ದು, ಒಂದು ಇನ್ನೊಂದನ್ನು ದೂರ ತಳ್ಳುತ್ತಿರುತ್ತದೆ. ಜಾತ್ರೆಯಲ್ಲಿದ್ದೂ ಒಬ್ಬರನ್ನೊಬ್ಬರು ಮುಟ್ಟದ ಜನ ಅವು.

ಪಟಿಕ ಮಾಡುವ ಕೆಲಸ ಈ ಜಗಳವನ್ನು ಬಿಡಿಸುವುದು. ಅದರ ಅಲ್ಯೂಮಿನಿಯಂ ಅಂಶ ಧನ ವಿದ್ಯುತ್ತನ್ನು ಹೊತ್ತು ಬಂದು ಕೋಶಗಳ ಋಣವನ್ನು ತೀರಿಸುತ್ತದೆ. ಆಗ ಅವು ಒಂದಕ್ಕೊಂದು ಅಂಟಿಕೊಂಡು ದೊಡ್ಡವಾಗಿ ಕೆಳಗಿಳಿಯುತ್ತವೆ. ನೀರನ್ನು ತಿಳಿಗೊಳಿಸುವ ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕತಕದ ಬೀಜವನ್ನು ತೇದು ಕದಡಿದ ನೀರಿಗೆ ಬೆರೆಸುವ ಪದ್ಧತಿ ಸಂಸ್ಕೃತ ಸಾಹಿತ್ಯಕ್ಕೂ ಗೊತ್ತು. ಆದರೆ ಇಲ್ಲಿ ಒಂದು ತಿರುವು ಇದೆ, ಅದನ್ನು ಗಮನಿಸಬೇಕು. ನಮ್ಮ ಅಜ್ಜಿಯರು ತಿಳಿಯನ್ನು ಉಳಿಸಿಕೊಂಡು ಗಸಿಯನ್ನು ಚೆಲ್ಲಿದರು. ಪಾಚಿಯ ಬೆಳೆಗಾರನಿಗೆ ಗಸಿಯೇ ಫಸಲು. ಪಟಿಕವೂ ಆ ಗಸಿಯಲ್ಲಿಯೇ ಸೇರಿ ಹೋಗುತ್ತದೆ. ಕೊಳಚೆ ನೀರನ್ನು ಶುದ್ಧಿ ಮಾಡುವಲ್ಲಿ ಇದು ದೊಡ್ಡ ದೋಷವಲ್ಲ. ಉಣ್ಣುವ ವಸ್ತುವಿನಲ್ಲಿ ಅಲ್ಯೂಮಿನಿಯಂ ಉಳಿಯುವುದು ಸಲ್ಲದು. ಸೀಗಡಿಯ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಎಂಬ ಪದಾರ್ಥ ಇದೇ ಕೆಲಸವನ್ನು ನಿರಪಾಯವಾಗಿ ಮಾಡುತ್ತದೆ. ಆದರೆ ಅದಕ್ಕೆ ಬೆಲೆ ಹೆಚ್ಚು, ಉಪ್ಪುನೀರಿನಲ್ಲಿ ಅದರ ಶಕ್ತಿಯೂ ಕುಂದುತ್ತದೆ.

ಕೆಲವೊಮ್ಮೆ ಪಾಚಿ ತಾನಾಗಿಯೇ ಗುಂಪುಗೂಡುವುದುಂಟು. ಬಿಸಿಲೇರಿದಾಗ ಅದು ನೀರಿನಲ್ಲಿ ಕರಗಿದ ಇಂಗಾಲಾಮ್ಲವನ್ನೆಲ್ಲ ಹೀರಿಕೊಳ್ಳುತ್ತದೆ, ನೀರಿನ ಕ್ಷಾರತೆ ಏರುತ್ತದೆ. ಆಗ ನೀರಿನಲ್ಲಿರುವ ಮೆಗ್ನೀಸಿಯಂ, ಸುಣ್ಣದ ಅಂಶಗಳು ಸಣ್ಣ ಹರಳುಗಳಾಗಿ ಬೇರ್ಪಟ್ಟು ಕೋಶಗಳನ್ನು ತಮ್ಮೊಡನೆ ಕೆಳಗೆ ಸೆಳೆಯುತ್ತವೆ. ಸ್ವಲ್ಪ ಸುಣ್ಣ ಸೇರಿಸಿ ಇದನ್ನು ಬೇಕೆಂದಾಗ ಆಗಮಾಡಿಸಲೂಬಹುದು. ಅಮೆರಿಕದ ಬರ್ಕಲಿಯಲ್ಲಿ ಕೊಳಚೆ ನೀರಿನ ಕೊಳಗಳಲ್ಲಿ ಪಾಚಿ ಬೆಳೆಸಿದ ಆಸ್ವಾಲ್ಡ್ ಮತ್ತು ಗೊಲ್ಯೂಕಿ ಅವರು 1965ರಲ್ಲಿ ಕೊಯ್ಲನ್ನೇ ಮುಖ್ಯ ವಿಷಯವಾಗಿರಿಸಿಕೊಂಡು ಪ್ರಬಂಧ ಬರೆದರು. ಬೆಳೆಗಿಂತ ಕಣದ ಕೆಲಸವೇ ದೊಡ್ಡದೆಂದು ಅಷ್ಟು ಹೊತ್ತಿಗೆ ಎಲ್ಲರಿಗೂ ಮನವರಿಕೆಯಾಗಿತ್ತು.

ಮುಳುಗಿಸುವುದು ಕಷ್ಟವಾದರೆ ತೇಲಿಸಬಹುದಲ್ಲ? ಮಂಡ್ಯದ ಕಡೆಯ ಆಲೆಮನೆಯನ್ನು ಕಂಡವರಿಗೆ ಈ ಉಪಾಯವನ್ನು ವಿವರಿಸಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆಗಿಡದ ಕಾಂಡವನ್ನು ಜಜ್ಜಿ ತೆಗೆದ ಲೋಳೆಯನ್ನು ಹಾಕುತ್ತಾರೆ. ಕಲ್ಮಷವೆಲ್ಲ ಅದಕ್ಕೆ ಅಂಟಿಕೊಂಡು ನೊರೆಯೊಡನೆ ಮೇಲೆ ಬರುತ್ತದೆ, ಅದನ್ನು ಜಾಲರಿಯಿಂದ ತೆಗೆದು ಹಾಕುತ್ತಾರೆ. ಪಾಚಿಯ ಕಾರ್ಖಾನೆಯಲ್ಲಿ ಒತ್ತಡದಿಂದ ನೀರಿನೊಳಗೆ ಗಾಳಿಯನ್ನು ಕರಗಿಸಿ, ಒಮ್ಮೆಲೇ ಒತ್ತಡವನ್ನು ಬಿಡುತ್ತಾರೆ. ಸೋಡಾ ಬುಡ್ಡಿಯ ಗುಂಡು ಒತ್ತಿದಾಗ ಏಳುವಂತೆ ಅಸಂಖ್ಯ ಗುಳ್ಳೆಗಳೆದ್ದು, ಗುಂಪುಗೂಡಿದ ಪಾಚಿಯನ್ನು ಹೊತ್ತು ಮೇಲೇರುತ್ತವೆ. ಆ ಕೆನೆಯನ್ನು ಬಾಚಿಕೊಳ್ಳುವುದಷ್ಟೇ ಉಳಿದ ಕೆಲಸ. ಗುಳ್ಳೆ ಎಬ್ಬಿಸಲು ವಿದ್ಯುತ್ತು ಬೇಕು, ಗುಂಪುಗೂಡಿಸಲು ಮತ್ತೆ ಯಾವುದಾದರೊಂದು ಪಟಿಕವೂ ಬೇಕು.

ಏನನ್ನೂ ಬೆರೆಸದೆ ಪಾಚಿಯನ್ನು ತೆಗೆಯುವ ಖಚಿತವಾದ ಮಾರ್ಗವೆಂದರೆ ಕೇಂದ್ರಾಪಗಾಮಿ ಯಂತ್ರ, ಎಂದರೆ ಸೆಂಟ್ರಿಫ್ಯೂಜ್. ಸ್ವೀಡನ್ನಿನ ಗುಸ್ತಾಫ್ ದ ಲಾವಾಲ್ 1878ರಲ್ಲಿ ಹಾಲಿನಿಂದ ಕೆನೆ ಬೇರ್ಪಡಿಸಲು ಕಂಡುಹಿಡಿದ ಯಂತ್ರದ ವಂಶದ್ದೇ ಇದು. ಮೊಸರು ಕಡೆಯುವಾಗ ಕಡೆಗೋಲು ತಿರುಗಿದರೆ, ಇಲ್ಲಿ ಪಾತ್ರೆಯೇ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಭೂಮಿಯ ಸೆಳೆತದ ಸಾವಿರಾರು ಪಟ್ಟು ಬಲದಿಂದ ಕೋಶಗಳು ಅಂಚಿಗೆ ಹೋಗಿ ಕೂರುತ್ತವೆ. ದಿನಗಟ್ಟಲೆಯ ಕಾಯುವಿಕೆ ಕ್ಷಣಗಳಲ್ಲಿ ಮುಗಿಯುತ್ತದೆ. ಜಪಾನ್, ತೈವಾನ್‌ಗಳ ಕ್ಲೋರೆಲ್ಲ ಉದ್ಯಮ ನಿಂತಿರುವುದು ಈ ಯಂತ್ರದ ಮೇಲೆ. ಆದರೆ ಯಂತ್ರಕ್ಕೂ ಬೆಲೆ, ಅದು ತಿನ್ನುವ ವಿದ್ಯುತ್ತಿಗೂ ಬೆಲೆ. ಕ್ಲೋರೆಲ್ಲ ಬಡವರ ಅನ್ನವಾಗಲಿಲ್ಲ, ಔಷಧದಂಗಡಿಯ ಗುಳಿಗೆಯಾಯಿತು. ಅದಕ್ಕೆ ಈ ಬೆಲೆಯೂ ಒಂದು ಕಾರಣ. ಪಾಚಿಯಿಂದ ಎಣ್ಣೆ ತೆಗೆದು ವಾಹನ ಓಡಿಸುವ ಆಸೆಯಿಂದ ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ನಡೆಸಿದ ದೊಡ್ಡ ಸಂಶೋಧನೆಗೂ ಎದುರಾದ ತೊಡಕುಗಳಲ್ಲಿ ಇದು ಸೇರಿತ್ತು. ಗುಳಿಗೆಯ ಬೆಲೆ ಯಂತ್ರದ ಖರ್ಚನ್ನು ಹೊರಬಲ್ಲದು; ಅನ್ನದ ಬೆಲೆ, ಸೀಮೆಎಣ್ಣೆಯ ಬೆಲೆ ಹೊರಲಾರವು.

ಹಾಗಾದರೆ ಪಂಚೆಯಲ್ಲಿ ನಿಲ್ಲುವ ಪಾಚಿಯೇ ಇಲ್ಲವೆ? ಉಂಟು. ಅದನ್ನು ಕೊಯ್ಯಲು ಬಲ್ಲವರೂ ನೂರಾರು ವರ್ಷಗಳಿಂದ ಇದ್ದಾರೆ. ಆಫ್ರಿಕದ ನಡುವೆ, ಚಾಡ್ ಸರೋವರದ ಆಸುಪಾಸಿನ ಸೌಳು ನೀರಿನ ಹೊಂಡಗಳಲ್ಲಿ ಸ್ಪಿರುಲಿನ ಎಂಬ ನೀಲಿಹಸಿರು ಪಾಚಿ ಬೆಳೆಯುತ್ತದೆ. ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಅದು ಬ್ಯಾಕ್ಟೀರಿಯಗಳ ಕುಲಕ್ಕೆ ಸೇರಿದ್ದು. ವ್ಯವಹಾರದಲ್ಲಿ ಪಾಚಿಯೆಂದೇ ಹೆಸರು. ಸುರುಳಿ ಸುತ್ತಿದ ಅದರ ಎಳೆ ಅರ್ಧ ಮಿಲಿಮೀಟರಿನವರೆಗೂ ಉದ್ದವಿರುತ್ತದೆ. ಒಳಗೆ ಗಾಳಿಯ ಸಣ್ಣ ಚೀಲಗಳಿರುವುದರಿಂದ ತಾನೇ ತೇಲುತ್ತದೆ. ಗಾಳಿ ಅದನ್ನು ದಡಕ್ಕೆ ತಳ್ಳಿ ಕೆನೆಗಟ್ಟಿಸುತ್ತದೆ. ಕಾನೆಂಬು ಜನಾಂಗದ ಹೆಂಗಸರು ಆ ಕೆನೆಯನ್ನು ಬುಟ್ಟಿಗಳಲ್ಲಿ ತುಂಬಿ ತಂದು, ಮರಳಿನಲ್ಲಿ ಮಾಡಿದ ತಗ್ಗುಗಳಿಗೆ ಸುರಿಯುತ್ತಾರೆ. ನೀರು ಮರಳಿಗೆ ಇಂಗುತ್ತದೆ, ಬಿಸಿಲು ಉಳಿದುದನ್ನು ರೊಟ್ಟಿಯಂತೆ ಒಣಗಿಸುತ್ತದೆ. ಅದನ್ನು ಬಿಲ್ಲೆಗಳಾಗಿ ಕತ್ತರಿಸಿ ಸಂತೆಯಲ್ಲಿ ಮಾರುತ್ತಾರೆ; ಸಾರು ಮಾಡಿ ಸಜ್ಜೆಯ ಮುದ್ದೆಯೊಡನೆ ಉಣ್ಣುತ್ತಾರೆ. ಅದಕ್ಕೆ ಅವರ ಹೆಸರು ‘ದಿಹೆ’. ದಾಂಜಾರ್ ಎಂಬ ಫ್ರೆಂಚ್ ವಿದ್ವಾಂಸ 1940ರಲ್ಲಿ ಇದರ ಬಗೆಗೆ ಬರೆದ. ಬೆಲ್ಜಿಯಂನ ಸಸ್ಯಶಾಸ್ತ್ರಜ್ಞ ಜಾನ್ ಲೆಯೊನಾರ್ 1964–65ರ ಸಹಾರಾ ಯಾತ್ರೆಯಲ್ಲಿ ಮತ್ತೆ ಕಂಡು ಲೋಕಕ್ಕೆ ತಿಳಿಸಿದ. ಮೆಕ್ಸಿಕೊದ ಟೆಕ್ಸ್‌ಕೋಕೊ ಸರೋವರದಲ್ಲಿ ಆಸ್ಟೆಕ್ ಜನ ಇಂಥದೇ ಕೆನೆಯನ್ನು ಬಲೆಯಿಂದ ತೆಗೆದು ಬಿಲ್ಲೆ ಮಾಡುತ್ತಿದ್ದುದನ್ನು ಹದಿನಾರನೆಯ ಶತಮಾನದ ಸ್ಪೇನಿನ ಬರಹಗಾರರು ದಾಖಲಿಸಿದ್ದಾರೆ.

ಇಲ್ಲಿ ಕುಡುಗೋಲು ಬಟ್ಟೆ, ಕಣ ಮರಳು, ತೂರುವವನು ಗಾಳಿ. ಯಂತ್ರಜ್ಞರು ಪಾಚಿಯನ್ನು ಮೊದಲು ಆರಿಸಿ ಕೊಯ್ಲನ್ನು ಆಮೇಲೆ ಯೋಚಿಸಿದರು. ಈ ಹೆಂಗಸರು ಕೊಯ್ಯಲು ಬರುವ ಪಾಚಿಯನ್ನೇ ಆರಿಸಿಕೊಂಡರು. ನಾನು ಇಂದು ಹೇಳಬೇಕೆಂದುಕೊಂಡದ್ದು ಇಷ್ಟೇ ಎಂದರೂ ಸಲ್ಲುತ್ತದೆ.

ಮೈಸೂರಿನ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಅಲ್ಲಿ ಮೊದಲು ಬೆಳೆಸಿದ ಸೆನೆಡೆಸ್ಮಸ್ ಎಂಬ ಹಸಿರು ಪಾಚಿಯ ಕೋಶ ಸಣ್ಣದು, ಅದರ ಗೋಡೆ ಗಟ್ಟಿ. ಬಿಸಿಯಾದ ಉರುಳೆಯ ಮೇಲೆ ಹಾಯಿಸಿಯೋ ಬೇಯಿಸಿಯೋ ಆ ಗೋಡೆಯನ್ನು ಒಡೆಯದಿದ್ದರೆ ಮನುಷ್ಯನ ಹೊಟ್ಟೆಗೆ ಅದು ಸರಿಯಾಗಿ ಜೀರ್ಣವಾಗದು. ಸ್ಪಿರುಲಿನದ ಗೋಡೆ ಮೆದು. ಬಟ್ಟೆಯಲ್ಲಿ ಸೋಸಿ, ಒಳ್ಳೆಯ ನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ, ಬಿಸಿಲಿನಲ್ಲಿ ಒಣಗಿಸಬಹುದು. ಕ್ರಮೇಣ ಸಂಶೋಧಕರ ಒಲವು ಅತ್ತ ತಿರುಗಿತು. ಮದರಾಸಿನ ಮುರುಗಪ್ಪ ಚೆಟ್ಟಿಯಾರ್ ಸಂಶೋಧನಾ ಕೇಂದ್ರದಲ್ಲಿ ಸಿ. ವಿ. ಶೇಷಾದ್ರಿ ಮತ್ತು ಸಂಗಡಿಗರು, ಹಳ್ಳಿಯ ಹೆಂಗಸರೇ ಬೆಳೆದು ಸೋಸಿಕೊಳ್ಳಬಹುದಾದ ಸಣ್ಣ ಪ್ರಮಾಣದ ಪದ್ಧತಿಗಳನ್ನು ರೂಪಿಸಲು ಶ್ರಮಿಸಿದರು. ಇಂದು ದೊಡ್ಡ ತೋಟಗಳಲ್ಲಿಯೂ ಸ್ಪಿರುಲಿನವನ್ನು ಹಿಡಿಯುವುದು ಜರಡಿಯೇ. ಅಲ್ಲಿ ಅದು ಉಕ್ಕಿನ ಇಲ್ಲವೆ ನೈಲಾನಿನ ಸೂಕ್ಷ್ಮ ಜರಡಿ, ಅಷ್ಟೇ. ಸೋಸಿದ ನೀರು ಮರಳಿ ಕೊಳಕ್ಕೇ ಹೋಗುತ್ತದೆ.

ಹಾಗೆಂದು ಇದನ್ನೊಂದು ಪವಾಡವೆಂದು ನಾನು ಹೊಗಳಲಾರೆ. ಸ್ಪಿರುಲಿನದ ಸುರುಳಿ ಕೆಲವೊಮ್ಮೆ ನೆಟ್ಟಗಾಗಿ, ತುಂಡಾಗಿ ಜರಡಿಯಿಂದ ನುಸುಳಿಕೊಳ್ಳುತ್ತದೆ. ಹಸಿ ಮುದ್ದೆ ನಮ್ಮ ಸೆಕೆಯಲ್ಲಿ ಕೆಲವೇ ಗಂಟೆಗಳಲ್ಲಿ ಹಳಸುತ್ತದೆ. ಅದು ಬೆಳೆಯಲು ಬೇಕಾದ ಸೋಡಾ ಲವಣಕ್ಕೂ ಹಣ ಬೇಕು. ಅದು ಅನ್ನಕ್ಕೆ ಬದಲಾಗಲಿಲ್ಲ, ಆಗುವುದೂ ಇಲ್ಲ. ಊಟದ ಜೊತೆಗೆ ಒಂದು ಚಿಟಿಕೆಯಾಗಬಲ್ಲದು. ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಮುಗಿಸಿದರೆ ತಪ್ಪಾದೀತು. ಕೆರೆ, ತೊಟ್ಟಿಗಳ ಪಾಚಿಯನ್ನು ಯಾರೂ ತಿನ್ನಬಾರದು. ಅವುಗಳಲ್ಲಿ ವಿಷ ಸುರಿಸುವ ನೀಲಿಹಸಿರು ಜಾತಿಗಳೂ ಇರುತ್ತವೆ. ನಮ್ಮ ಮನೆಯ ಚಮಚದ ಫಸಲು ಗುಲಾಬಿ ಗಿಡದ ಬುಡ ಸೇರಿತು.

ಆದರೂ ಆ ಕನಸು ಪೂರ್ತಿ ಸುಳ್ಳಾಗಿತ್ತೆಂದು ನನಗನಿಸುವುದಿಲ್ಲ. ಏನನ್ನು ಬೆಳೆಯಬಲ್ಲೆವು ಎಂಬ ಪ್ರಶ್ನೆಯನ್ನು ನಾವು ಬೇಗ ಕೇಳುತ್ತೇವೆ. ಬೆಳೆದುದನ್ನು ಯಾರ ಕೈ ಎತ್ತಿಕೊಳ್ಳಬಲ್ಲದು ಎಂಬುದನ್ನು ತಡವಾಗಿ ಕೇಳುತ್ತೇವೆ. ಯಂತ್ರವಿಲ್ಲದೆ ಕೊಯ್ಯಲಾಗದ ಬೆಳೆ ಯಂತ್ರವುಳ್ಳವನದು. ಬಟ್ಟೆಯಲ್ಲಿ ನಿಲ್ಲುವ ಬೆಳೆ ಬಟ್ಟೆಯುಳ್ಳವಳದು. ಎಲೆಯಲ್ಲಿ ಉಪ್ಪಿಟ್ಟು ಕಟ್ಟಿಕೊಂಡು ಮನೆಗೆ ಓಡುತ್ತಿದ್ದ ಹುಡುಗನಿಗೆ ಈ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ ‘ತಿಳಿ’ ಎಂಬ ಒಂದೇ ಮಾತು ನಿರ್ಮಲವಾದ ನೀರಿಗೂ ಸಲ್ಲುತ್ತದೆ, ಅರಿವಿಗೂ ಸಲ್ಲುತ್ತದೆ. ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ ಈ ಮಾತಿನ ಅರ್ಥ, ಪಟಿಕ ಹಾಕಿದ ಬಕೀಟಿನ ಮುಂದೆ ಮೊಮ್ಮಗಳೊಡನೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದಾಗ ನನಗೆ ಇನ್ನೊಮ್ಮೆ ತಿಳಿಯಿತು. ಈ ಬೇಸಗೆಗೆ ಅವಳು ಮತ್ತೆ ಬರುತ್ತಾಳೆ. ತೊಟ್ಟಿಯನ್ನು ಉಜ್ಜಿ ತೊಳೆಸಬೇಡವೆಂದು ಈಗಾಗಲೇ ಹೇಳಿ ಕಳುಹಿಸಿದ್ದಾಳೆ.

(ಬಾನುಲಿ ಭಾಷಣ)